ರಾಯಪ್ಪ ಒಪ್ಪಿಕೊಂಡ ತಪ್ಪು

ಕಾವೇರಿ ದಡದ ಆ ಕ್ರೈಸ್ತ ಆಶ್ರಮದಲ್ಲಿ ಶುಕ್ರವಾರಕ್ಕೊಂದು ಪದ್ಧತಿಯಿತ್ತು. ಮಧ್ಯಾಹ್ನದ ಗಂಜಿಗೆ ಮುಂಚೆ ಎಲ್ಲರೂ ಸುತ್ತ ಕೂರಬೇಕು. ಒಬ್ಬೊಬ್ಬರೂ ಆ ವಾರ ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಉಳಿದವರು "ದೇವರು ಕ್ಷಮಿಸಲಿ" ಎನ್ನಬೇಕು. ಆಮೇಲೆ ಗಂಜಿ.

ಪ್ರಶ್ನೆ ಕೇಳುವಂತಿಲ್ಲ, ವಿವರಣೆ ಕೊಡುವಂತಿಲ್ಲ. ಗಂಜಿ ಬಿಸಿಯಾಗಿರುತ್ತಿದ್ದುದರಿಂದ ತಪ್ಪುಗಳು ಚಿಕ್ಕವಾಗಿರುತ್ತಿದ್ದವು.

ರಾಯಪ್ಪನಿಗೆ ಈ ಪದ್ಧತಿ ಕಷ್ಟವಾಗಿತ್ತು. ಅವನ ಬಳಿ ತಪ್ಪುಗಳಿರಲಿಲ್ಲ. ಆಶ್ರಮ ಸೇರುವ ಮುಂಚೆ ಹನ್ನೆರಡು ವರ್ಷ ಶಾಲಾ ಮೇಷ್ಟ್ರಾಗಿದ್ದವನು. ತಪ್ಪುಗಳನ್ನು ಬೇರೆಯವರ ಪುಸ್ತಕದಲ್ಲಿ ನೋಡಿ ರೂಢಿ. ಒಂದು ವಾರ, ಜಪಮಾಲೆಯಲ್ಲಿ ಒಂದು ಮಣಿಯನ್ನು ಎರಡು ಸಲ ಹಿಡಿದೆ ಎಂದ. ಮರುವಾರ ಇನ್ನೊಂದು ಮಣಿಯ ಬಗ್ಗೆ ಹೇಳಿದ.

ಅವನಿಗೆ ಅಲ್ಲಿ ಒಬ್ಬನೇ ಗೆಳೆಯ, ಚೌರಪ್ಪ. ಗಾರೆ ಕೆಲಸದವನು. ಆಶ್ರಮದ ಬಿದ್ದ ಗೋಡೆ ಕಟ್ಟಲು ಬಂದವನು ಗೋಡೆ ಮುಗಿದ ಮೇಲೂ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಗೋಡೆ ಚೆನ್ನಾಗಿ ಬಂದಿತ್ತು.

ಒಂದು ಮಂಗಳವಾರ ಇಬ್ಬರೂ ನದಿಯಲ್ಲಿ ಪಾತ್ರೆ ಉಜ್ಜುತ್ತಿದ್ದರು.

"ನಿನಗೊಬ್ಬನಿಗೇ ಹೇಳ್ತೀನಿ ಕಣೋ," ಎಂದ ಚೌರಪ್ಪ. "ಪ್ರಾರ್ಥನೆಗೆ ಕೂತರೆ ನನಗೆ ಏನೂ ಆಗಲ್ಲ. ದೇವರ ಕಡೆಯಿಂದ ಒಂದು ಮಾತೂ ಕೇಳಿಸಲ್ಲ. ಸುಮ್ನೆ ಕೂತಿದ್ದು ಎದ್ದು ಬರ್ತೀನಿ. ಮೂರು ತಿಂಗಳಾಯ್ತು. ಯಾರಿಗೂ ಹೇಳ್ಬೇಡ."

ರಾಯಪ್ಪ ತಲೆಯಾಡಿಸಿದ. ಆ ದಿನ ಅವನು ಒಂದೇ ಪಾತ್ರೆಯನ್ನು ಬಹಳ ಹೊತ್ತು ಉಜ್ಜಿದ.

ಶುಕ್ರವಾರ ಬಂತು. ರಾಯಪ್ಪನ ಸರದಿಯೂ ಬಂತು.

"ಚೌರಪ್ಪ ಪ್ರಾರ್ಥನೆ ಮಾಡದೆ ಬರೀ ಕೂತಿರುತ್ತಾನೆ ಎಂದು ಮಂಗಳವಾರವೇ ಗೊತ್ತಾಗಿತ್ತು. ಇಷ್ಟು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು."

"ದೇವರು ಕ್ಷಮಿಸಲಿ," ಎಂದರು ಎಲ್ಲರೂ, ಅಭ್ಯಾಸಬಲದಿಂದ. ಆಮೇಲೆ, ಕ್ಷಮಿಸಬೇಕಾದದ್ದು ಯಾರನ್ನು ಎಂದು ತಿಳಿಯದೆ ಮುಖ ಮುಖ ನೋಡಿಕೊಂಡರು.

ಮುಂದಿನ ಸರದಿ ಚೌರಪ್ಪನದು.

"ನನಗೊಬ್ಬ ಗೆಳೆಯ ಇದ್ದಾನೆ ಅಂದ್ಕೊಂಡಿದ್ದೆ," ಎಂದ ಅವನು. "ಅದು ನನ್ನ ತಪ್ಪು."

ಈ ಸಲ ಯಾರೂ "ದೇವರು ಕ್ಷಮಿಸಲಿ" ಎನ್ನಲಿಲ್ಲ. ಅವನು ಎದ್ದು ಹೋದ. ಗಂಜಿ ಆರಿತು.

ಆಶ್ರಮದ ಗುರುಗಳು ಇನ್ನಾಸಪ್ಪ ಸ್ವಾಮಿ, ಎಪ್ಪತ್ತು ದಾಟಿದವರು. ರಾಯಪ್ಪ ಅವರ ಕೋಣೆಗೆ ಹೋದ.

"ನಾನು ಸುಳ್ಳು ಹೇಳಲಿಲ್ಲವಲ್ಲ ಸ್ವಾಮಿ."

"ಇಲ್ಲ. ಸುಳ್ಳನ್ನಾದರೂ ಹೇಳಬಹುದಿತ್ತು."

"ನಾನು ಇಲ್ಲಿಗೆ ಬಂದದ್ದು ದೇವರ ಕೆಲಸಕ್ಕೆ. ಗೆಳೆತನಕ್ಕಲ್ಲ."

"ಯೇಸುಸ್ವಾಮಿ ಬಂದದ್ದೂ ದೇವರ ಕೆಲಸಕ್ಕೇ," ಎಂದರು ಗುರುಗಳು. "ಆದರೂ ಊಟಕ್ಕೆ ಹನ್ನೆರಡು ಜನ ಜೊತೆಗೆ ಬೇಕಾಗಿತ್ತು."

ಅಷ್ಟರಲ್ಲಿ ಚೌರಪ್ಪ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ತಗಡಿನ ಟ್ರಂಕು.

"ನಾಲ್ಕು ಗಂಟೆ ಹರಿಗೋಲಿಗೆ ಹೋಗ್ತೀನಿ ಸ್ವಾಮಿ. ಪ್ರಾರ್ಥನೆ ಬಾರದವನಿಗೆ ಇಲ್ಲೇನು ಕೆಲಸ?"

ಗುರುಗಳು ಹೋಗು ಎನ್ನಲಿಲ್ಲ, ಹೋಗಬೇಡ ಎಂದೂ ಎನ್ನಲಿಲ್ಲ. ಟ್ರಂಕನ್ನು ನೋಡಿದರು.

"ಭಾರವೇನಪ್ಪ?"

"ಕರಣೆ, ಸುತ್ತಿಗೆ, ಎಲ್ಲಾ ಇದೆ ಸ್ವಾಮಿ."

"ರಾಯಪ್ಪ, ಹೊತ್ತುಕೋ."

ರಾಯಪ್ಪ ಟವೆಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡ. ಟ್ರಂಕನ್ನು ಎತ್ತುವ ಮುಂಚೆ ಗುರುಗಳ ಹತ್ತಿರ ಬಗ್ಗಿದ.

"ದಾರಿಯಲ್ಲಿ ಅವನಿಗೆ ಏನು ಹೇಳಲಿ ಸ್ವಾಮಿ?"

"ಇವತ್ತು ಸಭೆಯಲ್ಲಿ ಹೇಳಬೇಕಾಗಿತ್ತಲ್ಲ, ಅದನ್ನು."

ಹರಿಗೋಲು ನಿಲ್ಲುವ ಜಾಗಕ್ಕೆ ಅರ್ಧ ಮೈಲಿ. ಮರಳು ದಾರಿ. ಗುರುಗಳು ಕೊಡೆ ಹಿಡಿದು ಹಿಂದೆ ಬಂದರು, ಏನೂ ಕೇಳಿಸದಷ್ಟು ದೂರದಲ್ಲಿ. ಕೇಳಿಸದು ಎಂದು ಇವರಿಬ್ಬರು ನಂಬುವಷ್ಟು ದೂರದಲ್ಲಿ ಎಂದರೆ ಹೆಚ್ಚು ಸರಿ.

"ನಿನ್ನ ಒಳ್ಳೇದಕ್ಕೇ ಹೇಳಿದೆ ಚೌರಪ್ಪ."

"ಟ್ರಂಕು ವಾಲ್ತಾ ಇದೆ."

"ಸ್ವಾಮಿಗಳು ನಿನಗೇನಾದರೂ ದಾರಿ ತೋರಿಸ್ತಾರೆ ಅಂತ…"

"ಎಡಕ್ಕೆ ವಾಲ್ತಾ ಇದೆ ಅಂದೆ. ಮೇಷ್ಟ್ರಿಗೆ ಎಡ ಬಲ ಗೊತ್ತಿಲ್ವಾ?"

ರಾಯಪ್ಪ ಟ್ರಂಕನ್ನು ನೇರ ಮಾಡಿಕೊಂಡ. ಹಾಗೇ ಹರಿಗೋಲಿನ ಜಾಗ ಮುಟ್ಟಿದ.

ಹರಿಗೋಲು ಆಚೆ ದಡ ಬಿಟ್ಟಿತ್ತು. ರಾಯಪ್ಪ ಟ್ರಂಕು ಇಳಿಸಿದ.

"ತಪ್ಪು ಒಪ್ಪಿಕೊಳ್ಳಬೇಕು," ಎಂದ.

"ಈಗ ಯಾರದು?"

"ನನ್ನದೇ."

ಚೌರಪ್ಪ ಕಾದ. ಹರಿಗೋಲು ನದಿಯ ಕಾಲು ಭಾಗ ದಾಟಿತ್ತು.

"ನನಗೂ ಏನೂ ಕೇಳಿಸಲ್ಲ," ಎಂದ ರಾಯಪ್ಪ. "ಬಂದ ದಿನದಿಂದ ಕೇಳಿಸಿಲ್ಲ. ಆರು ವರ್ಷ. ಯಾರ ಹತ್ರಾನೂ ಹೇಳಕ್ಕಾಗಿಲ್ಲ. ನೀನು ಪಾತ್ರೆ ಉಜ್ಜುತ್ತಾ ಸಲೀಸಾಗಿ ಹೇಳಿಬಿಟ್ಟೆ. ಹೊಟ್ಟೆ ಉರೀತು. ನಿನ್ನ ವಿಷಯ ಎತ್ತಿದರೆ ನನ್ನ ಕಡೆ ಯಾರೂ ನೋಡಲ್ಲ ಅನ್ನಿಸ್ತು."

ಚೌರಪ್ಪ ಅವನನ್ನು ದಿಟ್ಟಿಸಿ ನೋಡಿದ.

"ಮತ್ತೆ ಪ್ರಾರ್ಥನೇಲಿ ಕಂಬದ ಹಾಗೆ ಕೂತಿರ್ತೀಯಲ್ಲೋ? ಒಂದು ಗಂಟೆ ಅಲ್ಲಾಡಲ್ಲ. ಹೊಸಬರಿಗೆಲ್ಲ ನಿನ್ನನ್ನೇ ತೋರಿಸ್ತಾರೆ."

"ಕಾಲು ಜೋಮು ಹಿಡಿದಿರುತ್ತೆ."

ಚೌರಪ್ಪ ನದಿಯ ಕಡೆ ತಿರುಗಿಕೊಂಡ. ಕೋಪದಲ್ಲಿ ನಗಬಾರದು ಎಂದು ಅವನ ಹಟ. ಭುಜಗಳು ಮಾತ್ರ ಅಲ್ಲಾಡಿದವು.

"ಆರು ವರ್ಷ! ಅಯ್ಯೋ ನಿನ್ನ. ಒಬ್ಬನೇ ಮನಸ್ಸಲ್ಲಿ ಇಟ್ಕೊಂಡಿದ್ಯೇನೋ?"

ರಾಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಮುಗಿಯದ ಬೆವರು ಅದು.

ಹರಿಗೋಲು ದಡ ಮುಟ್ಟಿತು.

"ಬರೋರು ಬನ್ನಿ," ಎಂದ ಅಂಬಿಗ.

"ನೋವು ಹೋಗಿಲ್ಲ ಕಣೋ," ಎಂದ ಚೌರಪ್ಪ.

"ಗೊತ್ತು."

"ಅಷ್ಟು ಬೇಗ ಹೋಗೋದೂ ಇಲ್ಲ."

"ಸರಿ."

"ಹೊತ್ತಾಗುತ್ತೆ, ಬರ್ತೀರೋ ಇಲ್ವೋ?" ಎಂದ ಅಂಬಿಗ.

ಚೌರಪ್ಪ ಟ್ರಂಕಿನ ಮೇಲೆ ಕೂತುಬಿಟ್ಟ.

"ನೀನು ಹೊರಡಪ್ಪ," ಎಂದ ಅಂಬಿಗನಿಗೆ.

ಗುರುಗಳು ನಿಧಾನವಾಗಿ ಹತ್ತಿರ ಬಂದರು. ಕೊಡೆ ಮಡಚಿದರು. ಟ್ರಂಕಿನ ಇನ್ನೊಂದು ತುದಿಯಲ್ಲಿ ಕೂತರು.

"ಸ್ವಾಮಿ," ಎಂದ ಚೌರಪ್ಪ, "ದೇವರು ನಮ್ಮಿಬ್ಬರ ಹತ್ರಾನೂ ಮಾತಾಡಲ್ಲ. ಇಂಥ ಇಬ್ಬರು ಇಲ್ಲಿದ್ದು ಏನು ಮಾಡಬೇಕು?"

ಗುರುಗಳು ಇಬ್ಬರನ್ನೂ ನೋಡಿದರು.

"ಮಾತಾಡುವುದು, ಬಿಡುವುದು ಆತನ ಇಷ್ಟ. ನೀವಿಬ್ಬರು ಮಾತು ಬಿಡಬೇಡಿ."