ಬರೆಯದೆ ಬಿಟ್ಟ ಸಂಜೆ

"ಗುರುಗಳೇ, ದಿನಚರಿ ಬರೆಯುವುದನ್ನು ನಾನು ಬಿಟ್ಟರೆ ಆಗದೇ? ಆದದ್ದೆಲ್ಲ ನೆನಪಿನಲ್ಲಿ ಇದ್ದೇ ಇರುತ್ತದೆ. ಮತ್ತೆ ಬರೆದು ಏನು ಪ್ರಯೋಜನ?" ಎಂದು ಶಿಷ್ಯನೊಬ್ಬ ಕೇಳಿದ. ಕೇಳುವಾಗ ಅವನ ಕಣ್ಣು ನೆಲದ ಮೇಲಿತ್ತು. ಸಂಜೆಯ ಊಟಕ್ಕೆ ಮೊದಲು ಪ್ರತಿಯೊಬ್ಬನೂ ಅಂದು ತಾನು ಮಾಡಿದ್ದನ್ನು ಬರೆದಿಡಬೇಕೆಂಬುದು ಆ ಮಠದ ಕಟ್ಟಳೆ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ಒಳ್ಳೆಯದೆಂದು ಹತ್ತೂರಿನಲ್ಲಿ ಹೆಸರು. ಕೈಗುಣವೇನೂ ಆಕಾಶದಿಂದ ಉದುರಿದ್ದಲ್ಲ. ಅವನು ದಿನವೂ ದೀಪ ಹಚ್ಚಿದ ಮೇಲೆ ದಿನಚರಿ ಬರೆಯುತ್ತಿದ್ದ. ಎಣ್ಣೆ ಸೀದರೆ ಸೀದಿತೆಂದೇ ಬರೆದ. ಮುದುಕನೊಬ್ಬನ ಮೇಲೆ ಸಿಡುಕಿದರೆ ಅದನ್ನೂ ಬರೆದ. ಬರೆದ ತಪ್ಪನ್ನು ಎರಡನೆಯ ಸಲ ಮಾಡಲು ಅವನಿಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಬಡ ಹೆಂಗಸೊಬ್ಬಳು ಹೊಟ್ಟೆನೋವಿನಿಂದ ಅಳುತ್ತಿದ್ದ ಮಗುವನ್ನು ತಂದಳು. ಅದರ ಮದ್ದಿಗೆ ಕಾಸರಕದ ಬೀಜ ಬೇಕು. ಬೀಜ ವಿಷ, ಹಾಲಿನಲ್ಲಿ ಚೆನ್ನಾಗಿ ಬೇಯಿಸಿ ವಿಷ ಇಳಿಸಿದ ಮೇಲೆಯೇ ಅರೆಯಬೇಕು. ಅಂದು ಮನೆ ತುಂಬ ನೆಂಟರು. ವೈದ್ಯ ಅವಸರದಲ್ಲಿ ಒಲೆಯಿಂದ ಬೇಗ ಇಳಿಸಿಬಿಟ್ಟ. ಮದ್ದು ಕುಡಿದ ಮಗು ಸೆಟೆದು ಸೆಟೆದು ಸಂಜೆಯೊಳಗೆ ಸತ್ತಿತು.

ಮಗುವಿನ ಮೈ ನೋಡಿದ ಕೂಡಲೇ ವೈದ್ಯನಿಗೆ ಎಲ್ಲ ತಿಳಿಯಿತು. ಬಾಯಿಂದ ಬಂದ ಮಾತು ಮಾತ್ರ ಬೇರೆ.

"ಏನು ತಿನ್ನಿಸಿದೆ ಇದಕ್ಕೆ?"

"ಹಸಿವು ಅಂತ ಅಳ್ತಿತ್ತು ಬುದ್ಧಿ, ಒಂದೇ ಒಂದು ತುತ್ತು ಮೊಸರನ್ನ..."

"ಪಥ್ಯ ಕೆಡಿಸಿದೆಯಲ್ಲೇ!"

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು?

ಆ ಸಂಜೆ ವೈದ್ಯ ದಿನಚರಿ ಬಿಡಿಸಿ ಕೂತ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯಲು ಧೈರ್ಯ ಬರಲಿಲ್ಲ. ನಾಳೆ ಬರೆದರಾಯಿತು ಎಂದು ಮಡಿಸಿಟ್ಟ. ಮರುದಿನ ಆ ಬರಿಯ ಪುಟವನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ಪುಸ್ತಕ ಅಟ್ಟ ಸೇರಿತು.

ಬರೆಯದ ಮೇಲೆ ಮರೆಯುವುದು ಸುಲಭವಾಯಿತು. ಕೆಲವು ವರ್ಷಗಳಲ್ಲಿ, ಮಗು ಸತ್ತದ್ದು ಮೊಸರನ್ನದಿಂದಲೇ ಎಂದು ಅವನೂ ನಂಬಿದ. ಆ ತಾಯಿಯನ್ನು ಗಂಡ ಹೊರಗೆ ಹಾಕಿದ. ಅವಳು ವೈದ್ಯನ ಜಗಲಿಯ ಕೆಳಗೆ ಕೂತು, ಮಕ್ಕಳನ್ನು ಎತ್ತಿಕೊಂಡು ಬಂದವರಿಗೆಲ್ಲ "ಪಥ್ಯ ಮೀರಬೇಡಿ ತಾಯಿ, ನನ್ನ ಹಾಗೆ ಆಗಬೇಡಿ" ಎಂದು ಕೈಮುಗಿಯುತ್ತಿದ್ದಳು. ವೈದ್ಯ ಅವಳಿಗೆ ದಿನಾ ಅನ್ನ ಹಾಕಿಸಿದ. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಹೊಗಳಿದ್ದನ್ನು ಕೇಳಿ ಅವನು ಹಿಗ್ಗಿದ. ಒಂದು ಚಳಿಗಾಲದಲ್ಲಿ ಅವಳು ಅಲ್ಲೇ ಸತ್ತಳು.

ಆಮೇಲೆ ವೈದ್ಯನ ಮೊಮ್ಮಗಳಿಗೆ ಅದೇ ಹೊಟ್ಟೆನೋವು ಬಂತು. ಅದೇ ಮದ್ದು. ಮಗು ಅಳುವುದನ್ನು ಕೇಳಲಾರದೆ ಅವನು ಬೀಜವನ್ನು ಬೇಗ ಇಳಿಸಿದ. ಸಂಜೆಯೊಳಗೆ ಮಗು ಸೆಟೆಯತೊಡಗಿತು.

"ಏನು ತಿನ್ನಿಸಿದೆಯಮ್ಮ?" ಎಂದು ಅವನು ಸೊಸೆಯನ್ನು ಕೇಳಿದ.

"ಏನೂ ಇಲ್ಲ ಮಾವ. ನೀವು ಹೇಳಿದ ಪಥ್ಯ ಒಂದು ಚೂರೂ ತಪ್ಪಿಲ್ಲ."

ಮಗು ಉಳಿಯಲಿಲ್ಲ. ವೈದ್ಯ ಮಗುವನ್ನು ಮಣ್ಣು ಮಾಡಿ ಬಂದು, ಅಟ್ಟ ಹತ್ತಿ, ಹಳೆಯ ದಿನಚರಿ ತೆಗೆದ. ಆ ಪುಟ ಹಾಗೆಯೇ ಬರಿದಾಗಿತ್ತು. "ಬೀಜ ಬೆಂದದ್ದು ಸಾಲದು" ಎಂಬ ಒಂದು ಸಾಲು ಅಲ್ಲಿದ್ದಿದ್ದರೆ ಮೊಮ್ಮಗಳು ಬದುಕಿರುತ್ತಿದ್ದಳು. ತಪ್ಪಾಯಿತು ಎಂದು ಹೇಳೋಣವೆಂದರೆ ಜಗಲಿಯ ಕೆಳಗೆ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆಗಲಾದರೂ ಅವನು ಬರೆದನೇ?" ಎಂದ.

"ಅವನ ಮಾತು ಇರಲಿ, ನೀನು ಆಗಲೇ ಬರೆಯುವುದನ್ನು ನಿಲ್ಲಿಸಿದ್ದೀಯಲ್ಲ, ನಿಲ್ಲಿಸಿದ ದಿನ ಏನಾಯಿತು?" ಎಂದರು ಗುರುಗಳು.