ಮಾವಿನ ಮರ ಮಾಡಿಸಿದ ಮಹಜರು

ವಕೀಲರ ಹಿತ್ತಲಿನ ಮಾವಿನ ಮರಕ್ಕೆ ತಾನೂ ಅರ್ಧ ವಕೀಲನೆಂಬ ಹಮ್ಮು. ಕಕ್ಷಿದಾರರೆಲ್ಲ ಕೂರುತ್ತಿದ್ದದ್ದು ಅದರ ನೆರಳಲ್ಲೇ ತಾನೆ! ಒಂದು ದಿನ ಅದು ಕಾಂಪೌಂಡ್ ಗೋಡೆಯ ಮುಂದೆ ದೂರಿಟ್ಟಿತು: "ಸ್ವಾಮಿ, ಪಕ್ಕದ ಮನೆಯ ನುಗ್ಗೆಮರದ ಕಂಬಳಿಹುಳುಗಳು ನನ್ನ ಮೈಮೇಲೆಲ್ಲ ಹರಿದಾಡುತ್ತಿವೆ. ಅದನ್ನು ಕಡಿಸಿ. ಬೇಕಾದರೆ ಸ್ಥಳ ಮಹಜರು ಮಾಡಿ."

"ನಾನೇನು ಹೇಳಲಿ ಅಣ್ಣ, ಓದಿದವಳಲ್ಲ" ಎಂದಿತು ನುಗ್ಗೆ.

ಗೋಡೆ ಮಹಜರು ಮುಗಿಸಿ ಹೇಳಿತು: "ನಿನ್ನ ಕೊಂಬೆಯೇ ನನ್ನನ್ನು ದಾಟಿ ಹೋಗಿ ನುಗ್ಗೆಯ ಮೇಲೆ ಒರಗಿದೆ. ಹುಳುಗಳು ಅದರ ಮೇಲೆ ನಡೆದು ಬಂದಿವೆ. ಕಡಿಯಬೇಕಾದ್ದು ಆ ಕೊಂಬೆಯನ್ನು."

ಆ ವರ್ಷದ ಕಾಯೆಲ್ಲ ಇದ್ದದ್ದು ಅದೇ ಕೊಂಬೆಯಲ್ಲಿ. ಮಾವು ಅದನ್ನೊಮ್ಮೆ ನೋಡಿ ನಕ್ಕುಬಿಟ್ಟಿತು: "ತಂಗೀ, ನೀನು ವಕೀಲರನ್ನಿಡದಿದ್ದದ್ದೇ ಒಳ್ಳೆಯದಾಯಿತು. ನಿನ್ನ ಪರವಾಗಿ ನಾನೇ ವಾದಿಸಿ ಗೆಲ್ಲಿಸಿಬಿಟ್ಟೆ!"