ಬಿಸಿಲಿನ ದಾರಿ ನೋಡಿದ ಹಣ್ಣು

"ಗುರುಗಳೇ, ಶಿವನನ್ನು ಕಾಣಬೇಕೆಂದು ಇಪ್ಪತ್ತು ವರ್ಷ ಕಾದೆ. ಕಾಣಲಿಲ್ಲ. ಈ ಹಂಬಲವನ್ನು ಬೇರುಸಹಿತ ಕಿತ್ತುಹಾಕಿ ನೆಮ್ಮದಿಯಾಗಿರುವ ದಾರಿ ಯಾವುದು?" ಎಂದು ಶಿಷ್ಯನೊಬ್ಬ ಕೇಳಿದ.

"ಒಂದು ಕತೆ ಕೇಳು. ಮಠದಲ್ಲಿ ಮದ್ಯದ ಮಾತೇ ಎಂದು ಮೂಗು ಮುರಿಯಬೇಡ," ಎಂದು ಗುರುಗಳು ಹೇಳತೊಡಗಿದರು.

ಚಳಿನಾಡಿನ ಬೆಟ್ಟದ ಇಳಿಜಾರಿನಲ್ಲಿ ಒಬ್ಬ ರೈತನಿದ್ದ. ಅವನ ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಬಿಸಿಲು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಹಗಲು ಹೀರಿದ ಕಾವನ್ನು ಕಲ್ಲುಗಳೇ ಬಳ್ಳಿಗೆ ಇಷ್ಟಿಷ್ಟು ಕೊಡುತ್ತಿದ್ದವು. ದ್ರಾಕ್ಷಿ ಮಾಗಬೇಕಾದರೆ ಹಿಮದ ದಿನಗಳ ಅಂಚಿನವರೆಗೂ ಕಾಯಬೇಕು. ಆ ಹಣ್ಣಿನ ಕೆಂಪು ದ್ರಾಕ್ಷಾರಸ ತೆಳುವಾಗಿ, ತುಸು ಹುಳಿಯಾಗಿರುತ್ತಿತ್ತು. ಆದರೆ ಅದರ ಪರಿಮಳ ಗುಟುಕು ಇಳಿದ ಮೇಲೂ ಬಹಳ ಹೊತ್ತು ಬಾಯಲ್ಲೇ ನಿಲ್ಲುತ್ತಿತ್ತು.

ಅವನ ಹೆಂಡತಿಗೆ ಉಬ್ಬಸ ಹಿಡಿಯಿತು. ಈ ಚಳಿನಾಡು ಬಿಟ್ಟು ಹೋದರೆ ಬದುಕುತ್ತಾಳೆ ಎಂದ ವೈದ್ಯ. ರೈತ ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿಕೊಂಡು, ಅವಳನ್ನು ಕರೆದುಕೊಂಡು ಬೆಚ್ಚನೆಯ ಬಯಲಿಗೆ ಇಳಿದ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಅವನ ನಂಬಿಕೆ. ಬಯಲಲ್ಲಿ ನೆಟ್ಟ ಬಳ್ಳಿಯ ಹಣ್ಣು ಬೇಗ ಮಾಗಿತು. ರಸ ಕಪ್ಪಗೆ, ದಪ್ಪಗೆ, ಸಿಹಿಯಾಗಿ ಬಂತು. ಊರವರು ಬಾಯಿ ಚಪ್ಪರಿಸಿ ಕುಡಿದರು. ಹೆಂಡತಿ ಮಾತ್ರ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು.

"ಚೆನ್ನಾಗಿದೆ. ಆದರೆ ನಮ್ಮದಲ್ಲ," ಎಂದಳು.

ಕೊರತೆ ಮಣ್ಣಿನದು ಎಂದುಕೊಂಡ ರೈತ. ಬೆಟ್ಟದ ಮಣ್ಣನ್ನೂ ಕಲ್ಲನ್ನೂ ಹೇಸರಗತ್ತೆಯ ಮೇಲೆ ಹೇರಿ ತಂದು ಬಳ್ಳಿಯ ಬುಡಕ್ಕೆ ಸುರಿದ. ಮೂರು ಬೆಳೆ ಕಳೆದರೂ ಅವಳ ಬಟ್ಟಲು ಖಾಲಿಯಾಗಲಿಲ್ಲ. ಅವಳು ದೂರಲಿಲ್ಲ. ಬೆಟ್ಟದ ಕಡೆ ನೋಡುತ್ತ ಕೂರುತ್ತಿದ್ದಳು, ಅಷ್ಟೆ.

ಕೊನೆಗೆ ಅವನೊಬ್ಬನೇ ಬೆಟ್ಟ ಹತ್ತಿದ. ಪಾಳುಬಿದ್ದ ತೋಟದಲ್ಲಿ ನಾಲ್ಕಾರು ಹಳೆಯ ಬಳ್ಳಿಗಳು ಉಳಿದಿದ್ದವು. ಅವುಗಳ ಒಣಕಡ್ಡಿ ಸವರಿ ಕಾಯುತ್ತ ಕುಳಿತ. ಹಣ್ಣು ಬಿಸಿಲಿನ ದಾರಿ ನೋಡಿತು. ಅವನು ಹಣ್ಣಿನ ದಾರಿ ನೋಡಿದ. ಬಯಲಲ್ಲಿ ಅವಳು ಅವನ ದಾರಿ ನೋಡಿದಳು. ಹಿಮ ಬೀಳುವ ಹಿಂದಿನ ದಿನ ಕೊಯ್ದು, ರಸ ಹದಕ್ಕೆ ಬಂದ ಮೇಲೆ ಒಂದೇ ಒಂದು ಕುಡಿಕೆ ಹೊತ್ತು ಕೆಳಗಿಳಿದ.

ಅವಳು ಬಟ್ಟಲನ್ನು ಪೂರ್ತಿ ಕುಡಿದಳು. ಕಣ್ಣು ತುಂಬಿ ಬಂತು.

"ಬಳ್ಳಿ ಅದೇ, ಮಣ್ಣೂ ಅದೇ. ಇಲ್ಲಿ ಏನು ಕಡಿಮೆಯಾಗಿತ್ತು ಹೇಳು," ಎಂದ ರೈತ.

"ಏನೂ ಕಡಿಮೆಯಿಲ್ಲ, ಅದಕ್ಕೇ ನೋಡಿ. ಇಲ್ಲಿ ಬೇಡುವ ಮೊದಲೇ ಬಿಸಿಲು ಸುರಿಯುತ್ತದೆ. ಅಲ್ಲಿ ಹಂಬಲಿಸಿ ಹಣ್ಣಾಗಬೇಕು," ಎಂದಳು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಈಗ ಹೇಳಪ್ಪಾ, ನಿನ್ನನ್ನೂ ಬಯಲಿಗೆ ಇಳಿಸಲೇ?"